ಪದಚರ್ಚೆ: ಸಿಪ್ಪೆ ಇರುವ ಮಸೂರ ಕಾಳೋ, ಬೇಳೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ದೆಸೆಯಿಂದ ಕಳೆದ ಭಾನುವಾರ ವಿಜಯನಗರದ ನಮ್ಮ ಅತ್ತಿಗೆಯ ಮನೆಯಲ್ಲಿ ರಾತ್ರಿ ಅಡುಗೆ ಕೆಟ್ಟಿತು. ತಪ್ಪು ನನ್ನದೇ.

ನಮ್ಮ ಮನೆಯಲ್ಲಿ ಆಗಾಗ ಒಂದು ಸುಲಭದ ಅಡುಗೆ ಮಾಡುತ್ತೇವೆ. ಫ್ರೇಜರ್ ಟೌನ್ ಕಡೆಯ ಕೋಲ್ಡ್ ಸ್ಟೋರೇಜ್ ಮಾಂಸದಂಗಡಿಯಿಂದ ಸಾಸೇಜ್ ತಂದು, ಬಾಣಲೆಯಲ್ಲಿ ಕೆಂಪಗೆ ಹುರಿದು ತೆಗೆದಿಡುವುದು. ಅದೇ ಜಿಡ್ಡಿನಲ್ಲಿ ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ಬಾಡಿಸುವುದು. ಆಮೇಲೆ ಸಿಪ್ಪೆ ಇರುವ ಇಡೀ ಮಸೂರ ಒಂದು ಲೋಟ, ನೀರು ಮೂರು ಲೋಟ. ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕುಕ್ಕರ್ ಬೇಡ, ನೆನೆಸುವುದೂ ಬೇಡ. ಕೊನೆಗೆ ಸಾಸೇಜ್ ತುಂಡು ಸೇರಿಸಿ ನಿಂಬೆಹಣ್ಣು ಹಿಂಡಿದರೆ ಆಯಿತು. ಇಟಲಿಯಲ್ಲಿ ಹೊಸ ವರ್ಷಕ್ಕೆ ಇಂಥದ್ದೇ ಊಟ ಮಾಡುತ್ತಾರೆ. ಕಾಳು ನಾಣ್ಯದ ಹಾಗೆ ಕಾಣುತ್ತದಲ್ಲ, ಅದಕ್ಕೆ.

ಅತ್ತಿಗೆಗೆ ವಾಟ್ಸಾಪಿನಲ್ಲಿ ಇದನ್ನೆಲ್ಲ ಬರೆಯುವಾಗ ಸುಮ್ನೆ 'ಮಸೂರ ಬೇಳೆ' ಎಂದುಬಿಟ್ಟೆ. ಅವರು ಕಿತ್ತಳೆ ಬಣ್ಣದ ಬೇಳೆ ಹಾಕಿದರು. ಇಪ್ಪತ್ತು ನಿಮಿಷಕ್ಕೆ ಎಲ್ಲ ಕರಗಿ, ಸಾಸೇಜ್ ತೇಲುವ ತೊವ್ವೆ ಆಯಿತು. "ನಿನ್ನ ಬೇಳೆ ನಮ್ಮನೇಲಿ ಜಾಸ್ತೀನೇ ಬೆಂದೋಯ್ತು ಕಣೋ" ಅಂದರು.

ಇಂಗ್ಲಿಷಿನ ಲೆಂಟಿಲ್ ಎರಡಕ್ಕೂ ಆಗುತ್ತದೆ. ನಮ್ಮಲ್ಲಿ ಹಾಗಲ್ಲ. ತೊಗರಿಕಾಳು ಬೇರೆ, ತೊಗರಿಬೇಳೆ ಬೇರೆ. ಇಡಿಯಾಗಿದ್ದರೆ ಕಾಳು, ಒಡೆದರೆ ಬೇಳೆ. ಇಷ್ಟೇ ಅಂದುಕೊಂಡಿದ್ದೆ. ಆದರೆ ಹಿತಕಿದ ಬೇಳೆಗೆ ಏನು ಹೇಳೋಣ? ಅವರೆಕಾಳು ನೆನೆಸಿ, ಸಿಪ್ಪೆಯಿಂದ ಪುಳಕ್ಕನೆ ಹಿಸುಕಿ ತೆಗೆಯುತ್ತೇವೆ. ಯಾರೂ ಒಡೆಯುವುದಿಲ್ಲ. ಎರಡು ಹೋಳೂ ಅಂಟಿಕೊಂಡೇ ಇರುತ್ತವೆ. ಆದರೂ ಅದು ಬೇಳೆ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ನಡೆಯುವ ಮೇಳದ ಹೆಸರೂ ಅವರೆಬೇಳೆ ಮೇಳವೇ. ಇಡ್ಲಿಗೆ ನೆನೆಸುವ ಗುಂಡು ಉದ್ದಿನಬೇಳೆಯೂ ಹಾಗೇ, ಸಿಪ್ಪೆ ಹೋಗಿದೆ, ಕಾಳು ಇಡೀ ಇದೆ.

ಹಾಗಾದರೆ ಸಿಪ್ಪೆ ಹೋದದ್ದೇ ಬೇಳೆ ಅನ್ನೋಣವೇ? ಅದೂ ನಿಲ್ಲುವುದಿಲ್ಲ. ಅಂಗಡಿಯವರು ಸಿಪ್ಪೆ ಸಮೇತ ಒಡೆದ ಹೆಸರನ್ನೂ ಹೆಸರುಬೇಳೆ ಎಂದೇ ಕೊಡುತ್ತಾರೆ. ನನಗೆ ತೋರುವುದು ಇಷ್ಟು: ಒಡೆದಿರಬೇಕು, ಇಲ್ಲವೇ ಸಿಪ್ಪೆ ಕಳಚಿರಬೇಕು. ಎರಡರಲ್ಲಿ ಒಂದಾದರೂ ಆಗಿದ್ದರೆ ಬೇಳೆ. ನನ್ನ ಬಾಣಲೆಯಲ್ಲಿದ್ದದ್ದಕ್ಕೆ ಎರಡೂ ಆಗಿರಲಿಲ್ಲ. ಅದನ್ನು ಕಾಳು ಅನ್ನಬೇಕಿತ್ತು.

ನಡುವೆ ಇನ್ನೊಂದು ಮಾತು. ಮಗಳಿಗೆ ಇದನ್ನು ಹೇಳುತ್ತಿದ್ದರೆ, "ಮಸೂರ ಅಂದ್ರೆ ಪೀನ ಮಸೂರ, ನಿಮ್ನ ಮಸೂರದ ಮಸೂರನಾ ಅಪ್ಪಾ?" ಎಂದಳು. ಹೌದು, ಅದೇ! ಲ್ಯಾಟಿನ್ನಿನಲ್ಲಿ ಲೆನ್ಸ್ ಎಂದರೆ ಈ ಕಾಳೇ. ಕಾಳಿನ ಆಕಾರ ನೋಡಿ ಗಾಜಿಗೆ ಆ ಹೆಸರು ಬಂತು. ನಮ್ಮ ಪಠ್ಯಪುಸ್ತಕದ ಮಸೂರವೂ ಅದೇ ಕಾಳಿನ ಹೆಸರು. ಹತ್ತನೇ ಕ್ಲಾಸಿನಲ್ಲಿ ಅಷ್ಟೆಲ್ಲ ಚಿತ್ರ ಬರೆದರೂ ನನಗೆ ಅಡುಗೆಮನೆಯ ಡಬ್ಬ ಒಮ್ಮೆಯೂ ನೆನಪಾಗಿರಲಿಲ್ಲ.

ಈಗ ಪ್ರಶ್ನೆ. ನಮ್ಮ ಅಮ್ಮ ಮಸೂರ ಅನ್ನುವುದೇ ಇಲ್ಲ. ಅವರಿಗೆ ಅದು ಚನ್ನಂಗಿ ಬೇಳೆ. ಕಿತ್ತಳೆ ಬಣ್ಣದ್ದಕ್ಕೆ ಸರಿ. ಸಿಪ್ಪೆ ಇರುವ ಕಂದು ಬಣ್ಣದ್ದಕ್ಕೆ ನಿಮ್ಮ ಮನೆಗಳಲ್ಲಿ 'ಚನ್ನಂಗಿ ಕಾಳು' ಎನ್ನುವ ಬಳಕೆ ಇದೆಯೇ? ಇಲ್ಲ, ಇಡೀ ಮಸೂರ ಎಂದೇ ಅನ್ನುತ್ತೀರಾ? ಊರಿನ ಹೆಸರೂ ತಿಳಿಸಿದರೆ ಒಳ್ಳೆಯದು.

ಸಾಸೇಜಿಗೆ ಹೊಸ ಪದ ಕಟ್ಟಿ ಕಳಿಸಬೇಡಿ, ದಯವಿಟ್ಟು. ಅದು ಸಾಸೇಜ್ ಆಗಿಯೇ ಚೆನ್ನಾಗಿದೆ.