ಕಾರ್ಟಿಗೆ ಹಾಕುತ್ತಾರೆ, ಆದರೆ ದುಡ್ಡು ಕಟ್ಟದೆ ಹೋಗುತ್ತಾರೆ. ಅನಲಿಟಿಕ್ಸ್‌ನಲ್ಲಿ ಏನು ನೋಡಬೇಕು?

ಮಿಡಿಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಾನು, ಅತ್ತೆ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಎರಡು ವರ್ಷ ಫೋನ್, ವಾಟ್ಸಾಪ್‌ನಲ್ಲೇ ಆರ್ಡರ್ ತೆಗೆದುಕೊಂಡೆವು. ಈ ಯುಗಾದಿಗೆ ವೆಬ್‌ಸೈಟ್ ಮಾಡಿಸಿದೆವು. ಗೂಗಲ್ ಅನಲಿಟಿಕ್ಸ್ ಕೂಡ ಹಾಕಿಕೊಟ್ಟಿದ್ದಾರೆ.

ಕಳೆದ ತಿಂಗಳು 1,840 ಜನ ಬಂದಿದ್ದಾರೆ ಅಂತ ತೋರಿಸುತ್ತಿದೆ. ಆರ್ಡರ್ ಬಂದದ್ದು 11. ಅದರಲ್ಲಿ 3 ನೆಂಟರದ್ದೇ. ಎಲ್ಲಿಂದ ಬಂದರು ಅಂತ ನೋಡಿದರೆ ಅರ್ಧಕ್ಕಿಂತ ಜಾಸ್ತಿ ‘ಡೈರೆಕ್ಟ್’ ಅಂತಿದೆ. ಅದಕ್ಕೇನು ಅರ್ಥ? ಸೈಟ್ ಮಾಡಿದವರು ಜಾಹೀರಾತಿಗೆ ತಿಂಗಳಿಗೆ 10,000 ಹಾಕಿ ಎನ್ನುತ್ತಾರೆ. ಅತ್ತೆ ಒಪ್ಪುವುದಿಲ್ಲ. “ಅಂಗಳದವರೆಗೆ ಬಂದವರು ತಿರುಗಿ ಹೋಗುತ್ತಿದ್ದಾರೆ ಅಂದರೆ ನಮ್ಮಲ್ಲೇ ಏನೋ ಸರಿ ಇಲ್ಲ, ಮೊದಲು ಅದನ್ನು ನೋಡು” ಎನ್ನುತ್ತಾರೆ. ಮಿಡಿ ವರ್ಷಕ್ಕೆ ಒಂದೇ ಸಲ ಸಿಗುವುದು. ಭರಣಿ ತುಂಬಿ ಕೂತಿದೆ. ಹಣ ಸುಮ್ಮನೆ ಸುರಿಯುವ ಹಾಗಿಲ್ಲ.

ಧಾರವಾಡದ ಸೀರೆ ಅಂಗಡಿ:
ಅಕ್ಕಾ, ನಿಮ್ಮ ಅತ್ತೆ ಹೇಳಿದ್ದೇ ಬರೋಬ್ಬರಿ. ಜಾಹೀರಾತು ಆಮೇಲೆ. ನಾನು ಇಳಕಲ್ ಸೀರೆ ಮಾರುತ್ತೇನೆ, ಇದೇ ಕಷ್ಟ ನೋಡಿದ್ದೇನೆ.

ಒಟ್ಟು ಎಷ್ಟು ಜನ ಬಂದರು ಅನ್ನುವ ಲೆಕ್ಕ ಈಗ ಬಿಡಿ. ಯಾವ ಮೆಟ್ಟಿಲಲ್ಲಿ ಇಳಿದು ಹೋದರು ಅಂತ ನೋಡಿ. ಅನಲಿಟಿಕ್ಸ್‌ನಲ್ಲಿ ‘ಎಕ್ಸ್‌ಪ್ಲೋರ್’ ಒಳಗೆ ‘ಫನಲ್ ಎಕ್ಸ್‌ಪ್ಲೊರೇಶನ್’ ಇದೆ. ಉಪ್ಪಿನಕಾಯಿ ಪುಟ ನೋಡಿದ್ದು, ಕಾರ್ಟಿಗೆ ಹಾಕಿದ್ದು, ವಿಳಾಸದ ಪುಟ, ಪೇಮೆಂಟ್, ಆರ್ಡರ್. ಈ ಐದನ್ನು ಸಾಲಾಗಿ ಜೋಡಿಸಿ. ನನಗೆ ಹಾಗೆ ಜೋಡಿಸಿದ ಮೇಲೆ ಗೊತ್ತಾಯಿತು, ಡೆಲಿವರಿ ಚಾರ್ಜ್ ಕೊನೇ ಪುಟದಲ್ಲಿ ಮಾತ್ರ ಕಾಣುತ್ತಿತ್ತು, ಜನ ಅಲ್ಲೇ ಬಿಡುತ್ತಿದ್ದರು. ಸೀರೆ ಫೋಟೋ ಕೆಳಗೇ ಚಾರ್ಜ್ ಬರೆದೆ. ಆಮೇಲೆ ಪುಟದಿಂದ ಪುಟಕ್ಕೆ ಹೋದವರು ಕೊನೆತನಕ ಹೋಗತೊಡಗಿದರು.

ಇನ್ನೊಂದು. ಯುಪಿಐನಲ್ಲಿ ದುಡ್ಡು ಕಟ್ಟಿದವರು ಭಾಳ ಸಲ ‘ಧನ್ಯವಾದ’ ಪುಟಕ್ಕೆ ವಾಪಸ್ ಬರುವುದೇ ಇಲ್ಲ. ಆ ಪುಟ ತೆರೆದಾಗ ಮಾತ್ರ ಆರ್ಡರ್ ಎಣಿಸುವ ಹಾಗೆ ಇಟ್ಟಿದ್ದರೆ ಅಂಥ ಆರ್ಡರ್ ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಂಕಿಗೆ ಬಂದ ಹಣದ ಜೊತೆ ಒಮ್ಮೆ ತಾಳೆ ನೋಡಿ.

ಮೈಕ್ರೋಸಾಫ್ಟ್ ಕ್ಲ್ಯಾರಿಟಿ ಕೂಡ ಹಾಕಿಸಿ. ಪೂರ್ತಿ ಉಚಿತ. ಬಂದವರು ಪುಟದಲ್ಲಿ ಎಲ್ಲಿ ಒತ್ತಿದರು, ಎಲ್ಲಿ ನಿಂತರು ಅಂತ ವಿಡಿಯೋ ತರಹ ತೋರಿಸುತ್ತದೆ. ಅವರು ಬಾಕ್ಸ್‌ನಲ್ಲಿ ಬರೆದದ್ದನ್ನು ಮಾತ್ರ ಮುಚ್ಚಿಡುತ್ತದೆ. ಅದು ಹಾಗೇ ಇರಲಿ.

ಲೆಕ್ಕದ ಹುಡುಗ:
‘ಡೈರೆಕ್ಟ್’ ಬಗ್ಗೆ: ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರು ಹೆಚ್ಚಾಗಿ ಅದರಲ್ಲೇ ಸೇರುತ್ತಾರೆ. ಎಲ್ಲಿಂದ ಬಂದರು ಅಂತ ಅನಲಿಟಿಕ್ಸ್‌ಗೆ ತಿಳಿಯುವುದಿಲ್ಲ. ಗುಂಪಿಗೆ ಒಂದು, ಇನ್‌ಸ್ಟಾಗ್ರಾಂಗೆ ಒಂದು ಅಂತ ಬೇರೆ ಬೇರೆ ಯುಟಿಎಂ ಲಿಂಕ್ (ಎಲ್ಲಿಂದ ಬಂದರು ಅನ್ನುವ ಗುರುತು ಸೇರಿಸಿದ ಲಿಂಕ್) ಮಾಡಿ ಹಂಚಿ, ಮೇಡಂ. ಜೊತೆಗೆ ಅನಲಿಟಿಕ್ಸ್‌ನ ಅಡ್ಮಿನ್‌ನಲ್ಲಿ ‘ಡೇಟಾ ರಿಟೆನ್ಶನ್’, ಅಂದರೆ ಹಳೇ ಮಾಹಿತಿ ಇಟ್ಟುಕೊಳ್ಳುವ ಅವಧಿ, 2 ತಿಂಗಳು ಅಂತ ಇದ್ದರೆ ಈಗಲೇ 14 ತಿಂಗಳು ಮಾಡಿ. ಇಲ್ಲದಿದ್ದರೆ ಮುಂದಿನ ಸೀಸನ್‌ಗೆ ಈ ಸೀಸನ್ ಜೊತೆ ಫನಲ್ ಹೋಲಿಸಲು ಆಗುವುದಿಲ್ಲ. ಎ/ಬಿ ಟೆಸ್ಟ್ (ಒಂದೇ ಪುಟವನ್ನು ಎರಡು ತರಹ ಮಾಡಿ, ಯಾವುದರಲ್ಲಿ ಆರ್ಡರ್ ಜಾಸ್ತಿ ಅಂತ ನೋಡುವುದು) ಮಾಡಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ. ತಿಂಗಳಿಗೆ 11 ಆರ್ಡರ್‌ನಲ್ಲಿ ಯಾವುದು ಗೆದ್ದಿತು ಅಂತ ಹೇಳಲು ಬರುವುದಿಲ್ಲ.

ಮಿಡಿಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫನಲ್ ಜೋಡಿಸಿದೆ. ಉಪ್ಪಿನಕಾಯಿ ಪುಟ ನೋಡಿದವರು 1,126. ಕಾರ್ಟಿಗೆ ಹಾಕಿದವರು 158. ವಿಳಾಸದ ಪುಟಕ್ಕೆ ಬಂದವರು 121. ಅಲ್ಲಿಂದ ಪೇಮೆಂಟ್‌ಗೆ ಹೋದವರು ಬರೀ 17! ಬ್ಯಾಂಕಿನ ಲೆಕ್ಕ ತಾಳೆ ಆಯಿತು, 11.

ಕ್ಲ್ಯಾರಿಟಿ ಹಾಕಿಸಿ ನಾಲ್ಕು ದಿನ ಆಯಿತು. ರಾತ್ರಿ ಒಲೆ ಕೆಲಸ ಮುಗಿಸಿ ಅತ್ತೆ, ನಾನು ಇಬ್ಬರೂ ಕೂತು ನೋಡಿದೆವು. ಒಬ್ಬರು ಹೆಸರು ತುಂಬಿದರು, ವಿಳಾಸ ತುಂಬಿದರು, ನಿಧಾನವಾಗಿ ಪಿನ್‌ಕೋಡ್ ತುಂಬಿದರು. ‘ಮುಂದೆ’ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಏಳು ಸಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲೆ ಹೋಗಿ ಜೀರಿಗೆ ಮಿಡಿಯ ಫೋಟೋ ಇನ್ನೊಮ್ಮೆ ನೋಡಿ, ಹೋಗಿಬಿಟ್ಟರು. ನನಗೆ ಹೊಟ್ಟೆ ಚುರುಕ್ ಅಂದಿತು. ಹೀಗೇ ಇನ್ನೂ ಎಂಟು ಜನ. ನನ್ನ ಫೋನ್‌ನಲ್ಲಿ ಮಾಡಿದರೆ ಸರಿಯಾಗಿಯೇ ಹೋಗುತ್ತದೆ. ಇದೇನು?

ಧಾರವಾಡದ ಸೀರೆ ಅಂಗಡಿ:
ಎಲ್ಲಿ ಅನ್ನುವುದು ಸಿಕ್ಕಿತು. ಯಾಕೆ ಅನ್ನುವುದನ್ನು ಜನರನ್ನೇ ಕೇಳಬೇಕು, ಅಕ್ಕಾ. ನಿಮ್ಮ ಹಳೇ ಗಿರಾಕಿಗಳಲ್ಲಿ ಸೈಟ್‌ನಲ್ಲಿ ಆಗದೆ ವಾಟ್ಸಾಪ್‌ಗೆ ವಾಪಸ್ ಬಂದವರು ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡಿ. ‘ಏನಾಯಿತು’ ಅಂತಷ್ಟೇ ಕೇಳಬೇಡಿ. ಒಂದೊಂದು ಬಾಕ್ಸ್‌ನಲ್ಲೂ ಏನು ಬರೆದಿರಿ ಅಂತ ಓದಿ ಹೇಳಿಸಿಕೊಳ್ಳಿ.

ಮಿಡಿಮನೆ:
ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು.

ದಾವಣಗೆರೆಯ ರಿಟೈರ್ಡ್ ಟೀಚರ್ ಒಬ್ಬರಿಗೆ ಫೋನ್ ಮಾಡಿದೆ. ಬಾಕ್ಸ್ ಬಾಕ್ಸ್ ಓದಿ ಹೇಳಿದರು. ಎಲ್ಲಾ ಸರಿ ಇತ್ತು. ಕೊನೆಗೆ ಅವರೇ “ಕನ್ನಡದಲ್ಲಿ ಬರೆದೆ ಕಣಮ್ಮಾ, ನಿಮ್ಮ ಸೈಟ್ ಕನ್ನಡದಲ್ಲೇ ಇದೆ ಅಲ್ವಾ?” ಎಂದರು. ಅಷ್ಟೇ. ನಮ್ಮ ಫಾರಂ ಹೆಸರು, ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುತ್ತಿತ್ತು. ಕೆಂಪು ಅಕ್ಷರದ ಎಚ್ಚರಿಕೆ ಪುಟದ ಮೇಲ್ತುದಿಯಲ್ಲಿ ಬರುತ್ತಿತ್ತು. ಫೋನ್‌ನಲ್ಲಿ ‘ಮುಂದೆ’ ಬಟನ್ ಹತ್ತಿರ ಇದ್ದವರಿಗೆ ಅದು ಕಾಣುವುದೇ ಇಲ್ಲ. ನಾನು ಯಾವಾಗಲೂ ಇಂಗ್ಲಿಷ್‌ನಲ್ಲಿ ತುಂಬುತ್ತಿದ್ದೆ, ಹಾಗಾಗಿ ನನಗೆ ತೊಂದರೆ ಬರಲಿಲ್ಲ.

ಸರಿ ಮಾಡಿಸಲು ಅರ್ಧ ದಿನ ಹಿಡಿಯಿತು. ಈ ಹತ್ತು ದಿನದಲ್ಲಿ ವಿಳಾಸದ ಪುಟಕ್ಕೆ ಬಂದವರು 52, ಪೇಮೆಂಟ್‌ಗೆ ಹೋದವರು 34, ಆರ್ಡರ್ 26. ಜಾಹೀರಾತಿಗೆ ಒಂದು ರೂಪಾಯಿ ಹಾಕಿಲ್ಲ. ಟೀಚರ್‌ಗೆ ಅತ್ತೆ ಅರ್ಧ ಕೆ.ಜಿ. ಸುಮ್ಮನೆ ಕಳಿಸಿದರು. ಉಳಿದ 18 ಜನ ಡೆಲಿವರಿ ಚಾರ್ಜ್ ಕಾಣುವ ಜಾಗದಲ್ಲೇ ನಿಂತು ಹೋಗುತ್ತಿದ್ದಾರೆ ಅನ್ನಿಸುತ್ತದೆ. ಗಾಜಿನ ಬಾಟಲಿ ಭಾರ, ಚಾರ್ಜ್ ಜಾಸ್ತಿ. ನಾಳೆ ಅದನ್ನು ಬೆಲೆಯ ಪಕ್ಕದಲ್ಲೇ ಬರೆದು ನೋಡುತ್ತೇನೆ.