ತಗಡಿನ ಮಾಡಿನ ಹಾಲು, ಮಳೆಗಾಲ, ಒಂದು ಗಂಟೆಯ ನಾಟಕ: ಬೇಕೇ ಬೇಕಾದದ್ದು ಯಾವುದು?

ಹೊಸನಗರ ಹವ್ಯಾಸಿ:
ಆಗಸ್ಟ್ ಕೊನೆಗೆ ಹೈಸ್ಕೂಲ್ ಹಾಲಿನಲ್ಲಿ ನಾಟಕ. ಎಂಟು ಪಾತ್ರ, ಆರು ವಾರ ತಾಲೀಮು. ವೇದಿಕೆ 24 ಅಡಿ ಅಗಲ, 16 ಅಡಿ ಆಳ, ಮೇಲೆ ತಗಡಿನ ಶೀಟು. ದುಡ್ಡು ಕಮ್ಮಿ. ಕೃತಿ, ನಟರು, ರಂಗಸಜ್ಜಿಕೆ, ಬೆಳಕು, ಸಂಗೀತ, ವೇಷಭೂಷಣ ಇಷ್ಟರಲ್ಲಿ ಯಾವುದನ್ನ ಬಿಡಬಹುದು?

ಅಂಕದಪರದೆ:
ಕೃತಿ ಬಿಟ್ಟು ಉಳಿದದ್ದನ್ನೆಲ್ಲ ಕಡಿಮೆ ಮಾಡಬಹುದು. ಗ್ರೀಕ್ ಚಿಂತಕ ಅರಿಸ್ಟಾಟಲ್ ನಾಟಕಕ್ಕೆ ಆರು ಅಂಗ ಹೇಳಿ ಕಥಾವಸ್ತುವಿಗೆ ಮೊದಲ ಸ್ಥಾನ ಕೊಟ್ಟ. ದೃಶ್ಯವೈಭವ ಕವಿಯ ಕಲೆಗೆ ತೀರಾ ದೂರದ್ದು ಅಂದ. ಪ್ರತಿ ದೃಶ್ಯಕ್ಕೂ ಕೇಳಿಕೊಳ್ಳಿ: ಯಾರಿಗೆ ಏನು ಬೇಕು, ಅಡ್ಡ ಬರೋರು ಯಾರು? ಉತ್ತರ ಸಿಗದ ದೃಶ್ಯವನ್ನ ಕಿತ್ತು ಹಾಕಿ. ಆಮೇಲೆ ಗಡಿಯಾರ ಇಟ್ಟು ಓದಿ. ಕೂತು ಓದಿದಾಗ 45 ನಿಮಿಷ ಬಂದರೆ ಓಡಾಟ ಸೇರಿ ಗಂಟೆ ಆಗುತ್ತೆ. ಅದಕ್ಕಿಂತ ಜಾಸ್ತಿ ಬಂದರೆ ಮೊದಲ ವಾರವೇ ಕತ್ತರಿಸಿ. ಕೊನೇ ವಾರ ಕತ್ತರಿಸಿದರೆ ಎದುರು ಪಾತ್ರದ ಕ್ಯೂ (ಮಾತು ಶುರು ಮಾಡೋ ಸೂಚನೆ) ಹಾರಿಹೋಗಿ ಇಬ್ಬರೂ ನಿಂತುಬಿಡ್ತಾರೆ.

ಶರಾವತಿ ಹಿನ್ನೀರು:
ಅದು ಸಾಹಿತ್ಯದ ಮಾತಾಯ್ತು ಮಾರಾಯ್ರೆ. ನಾಟ್ಯಶಾಸ್ತ್ರದ ಭರತ ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷ, ಬಣ್ಣ), ಸಾತ್ವಿಕ (ಒಳಗಿನ ಭಾವ) ನಾಲ್ಕನ್ನೂ ಅಭಿನಯ ಅಂತಲೇ ಕರೆದಿದ್ದಾನೆ. ವೇಷ, ಬಣ್ಣ ನಟನೆಯ ಒಳಗೇ ಬರುತ್ತೆ, ಮೇಲಿಂದ ಅಂಟಿಸೋದಲ್ಲ. ಸಜ್ಜಿಕೆ ಮಾತ್ರ ಹಗುರ ಇರಲಿ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಂ ತಿರುಗಾಟದಂಥ ತಂಡಗಳಿಗೆ ಬಿಚ್ಚಿ ಕಟ್ಟುವ ಸಜ್ಜಿಕೆಯೇ ಆಗಬೇಕು. ನಾಲ್ಕು ಮರದ ಪೆಟ್ಟಿಗೆ ಇದ್ದರೆ ಜಗಲಿ, ಗದ್ದುಗೆ, ದೋಣಿ ಎಲ್ಲವೂ ಆಗುತ್ತೆ. ಹಿಂಪರದೆ ಹಿಂದೆ ಮೂರಡಿ ದಾರಿ ಬಿಡೋದು ಮರೀಬೇಡಿ. ಇಲ್ಲದಿದ್ದರೆ ಎಡಕ್ಕೆ ಹೋದವನು ಬಲದಿಂದ ಬರೋಕೆ ಮಳೆಯಲ್ಲಿ ಹಾಲನ್ನೇ ಸುತ್ತಬೇಕು.

ಮಂಡಗದ್ದೆ:
ಇಬ್ಬರೂ ಮೇಲಿರೋ ಶೀಟನ್ನ ಮರೆತಿದ್ದೀರಿ. ಆಗಸ್ಟ್ ಮಳೆ ತಗಡಿನ ಮೇಲೆ ಬಿದ್ದರೆ ಆರನೇ ಸಾಲಿಗೆ ಮಾತೇ ಹೋಗಲ್ಲ. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಮನುಷ್ಯರ ನಾಟ್ಯಮಂಟಪಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲ ಹೇಳಿ, ಇನ್ನೂ ದೊಡ್ಡದಾದರೆ ಮಾತು ಅಸ್ಪಷ್ಟ, ಮುಖದ ಭಾವ ಕಾಣಲ್ಲ ಅಂತ ಕಾರಣವನ್ನೂ ಕೊಡುತ್ತೆ. ಹಸ್ತ ಅಂದರೆ ಸುಮಾರು ಒಂದೂವರೆ ಅಡಿ. ಉದ್ದದಲ್ಲಿ ಅರ್ಧ ಪ್ರೇಕ್ಷಕರಿಗೆ, ಅಂದರೆ 48 ಅಡಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ಕ್ರಿಯಾಪದ, ‘ಇಲ್ಲ’ ಎರಡೂ ಕೊನೆಗೆ ಬರುತ್ತವೆ. ಹೊಸ ನಟರ ಉಸಿರು ಮುಗಿಯೋದೂ ಅಲ್ಲೇ. “ನಿನ್ನ ಮನೆಗೆ ನಾನು ಹೋಗ...” ಅನ್ನೋವರೆಗೆ ಕೇಳುತ್ತೆ. ಹೋಗ್ತೀನಿ ಅಂದನೋ ಹೋಗಲ್ಲ ಅಂದನೋ ಗೊತ್ತಾಗಲ್ಲ, ಅಲ್ಲಿಗೆ ಕಥೆಯೇ ತಪ್ಪಿತು. ತಾಲೀಮಿನಲ್ಲಿ ಕೊನೆಯ ಪದದ ಮೊದಲು ಸಣ್ಣ ಉಸಿರು ತಗೊಂಡು ಹೇಳೋ ಅಭ್ಯಾಸ ಮಾಡಿಸಿ.

ಅಂಕದಪರದೆ:
ಅದಕ್ಕೆ ಮೈಕು ಸಾಲದಾ?

ಮಂಡಗದ್ದೆ:
ಮೇಲೆ ತೂಗುಹಾಕಿದ ಮೈಕು ಮಾತಿನ ಜೊತೆ ಮಳೆಯನ್ನೂ ಎತ್ತಿ ಸ್ಪೀಕರಿಗೆ ಕೊಡುತ್ತೆ. ಎಂಟು ಕಾಲರ್ ಮೈಕು ನಿಮ್ಮ ದುಡ್ಡಿಗೆ ಆಗಲ್ಲ. ವೇದಿಕೆ ಬಿಟ್ಟು ಕೆಳಗೆ ಆಡಿ. ಮೂರು ಕಡೆ ಜನ: ಮುಂದೆ ಜಮಖಾನ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ, ಕೊನೆಗೆ ಡೆಸ್ಕು. ಯಾರೂ 20 ಅಡಿಗಿಂತ ದೂರ ಇರಲ್ಲ.

ಗ್ಯಾಸ್‌ಲೈಟು:
ಹಾಗೆ ಮಾಡಿದರೆ ಬೆಳಕಿನ ಲೆಕ್ಕವೇ ಬದಲಾಗುತ್ತೆ. ಸಾಮಾನ್ಯ ವೇದಿಕೆಗೆ ಮುಂದಿನಿಂದ 45 ಡಿಗ್ರಿ ಓರೆಯಲ್ಲಿ ಬೆಳಕು ಬೀಳಬೇಕು. ಲ್ಯಾಂಪು 14 ಅಡಿ ಎತ್ತರ, ಮುಖ 5 ಅಡಿ ಅಂದರೆ ನಟನಿಂದ 9 ಅಡಿ ಮುಂದೆ ಕಟ್ಟಬೇಕು. ಮೂರು ಕಡೆ ಜನ ಕೂತರೆ ಅದು ಎದುರಿನವರ ಕಣ್ಣಿಗೆ ಹೊಡೆಯುತ್ತೆ. 60 ಡಿಗ್ರಿಗೆ ಏರಿಸಿ, ಅಂದರೆ ಸುಮಾರು 5 ಅಡಿ ಮುಂದೆ. ಅದಕ್ಕಿಂತ ನೆತ್ತಿಯ ಮೇಲೆ ತಂದರೆ ಕಣ್ಣಿನ ಗುಳಿ ಕಪ್ಪಾಗುತ್ತೆ. ಮುಂಡಾಸಿದ್ದವನಿಗೆ ಮುಖವೇ ಇರಲ್ಲ.

ಕರೆಂಟು: 1000 ವ್ಯಾಟಿನ ಹ್ಯಾಲೊಜನ್ 230 ವೋಲ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತೆ. 16 ಆಂಪಿಯರ್ ಪ್ಲಗ್ಗಿಗೆ ಮೂರೇ. ನಾಲ್ಕನೇದು ಹಾಕಿದರೆ ನಾಟಕದ ಮಧ್ಯೆ ಟ್ರಿಪ್ಪು. 150 ವ್ಯಾಟಿನ ಎಲ್‌ಇಡಿ ಆರು ಬಾಡಿಗೆಗೆ ತಂದರೆ ಎಲ್ಲ ಸೇರಿ ಸುಮಾರು 4 ಆಂಪಿಯರ್, ಸಣ್ಣ ಜನರೇಟರಿಗೂ ಭಾರ ಆಗಲ್ಲ. ಆದರೆ ಕಾಡು ತೋರಿಸೋಕೆ ಬರೀ ಹಸಿರು ಬಿಡಬೇಡಿ. ಹಸಿರಲ್ಲಿ ಹಣೆಯ ಕುಂಕುಮ ಕಪ್ಪು ಚುಕ್ಕೆ ಆಗುತ್ತೆ, ತುಟಿಯೂ ಅಷ್ಟೇ.

ಶರಾವತಿ ಹಿನ್ನೀರು:
ಹತ್ತಿರ ಕೂತ ಜನಕ್ಕೆ ದಪ್ಪ ಬಣ್ಣ ಗೋಡೆಗೆ ಬಳಿದ ಹಾಗೆ ಕಾಣುತ್ತೆ. ಹುಬ್ಬು, ಕಣ್ಣು ತಿದ್ದಿ ಬಿಡಿ, ಸಾಕು. ಇದು ಬೆಳಕಿನವರ ಜೊತೆ ಕೂತು, ಅದೇ ದೀಪದ ಕೆಳಗೆ ನೋಡಿಯೇ ತೀರ್ಮಾನ ಆಗಬೇಕು.

ಹೊಸನಗರ ಹವ್ಯಾಸಿ:
ದೀಪಾವಳಿ ನಂತರಕ್ಕೆ ಹಾಕಿದರೆ?

ಮಂಡಗದ್ದೆ:
ಮಳೆ ಹೋಗುತ್ತೆ, ಅಡಿಕೆ ಕೊಯ್ಲು ಬರುತ್ತೆ. ರಾತ್ರಿ ಸುಲಿಯೋ ಕೆಲಸ ಬಿಟ್ಟು ಜನ ಬರೋದು ಕಷ್ಟ. ನಟ ಬಿಟ್ಟರೆ ತೀರಾ ಬೇಕಾದವರು ಅವರೇ. ಆಗಸ್ಟಲ್ಲೇ ಮಾಡಿ, ಕೆಳಗೆ ಆಡಿ.

ಅಂಕದಪರದೆ:
ಕೆಳಗೆ ಆಡೋದಾದರೆ ದೃಶ್ಯ ಬದಲಿಸೋಕೆ ಪರದೆ ಇರಲ್ಲ, ಪೆಟ್ಟಿಗೆ ನಟರೇ ಎತ್ತಿಡಬೇಕು. ಯಾರು, ಯಾವ ಮಾತಿಗೆ, ಎಲ್ಲಿಗೆ ಅಂತ ಕೃತಿಯ ಅಂಚಿನಲ್ಲಿ ಇವತ್ತೇ ಬರೆದುಕೊಳ್ಳಿ. ನಾಲ್ಕನೇ ವಾರದಿಂದ ಪೆಟ್ಟಿಗೆ ಸಮೇತ ತಾಲೀಮು ಮಾಡಿ.