ರಾಕೇಶ್ ಅಗ್ರವಾಲ್ ಅಂದ್ರೆ ಬರೀ ಅಪ್ರಿಯೋರಿನಾ? ಅವರ ಪ್ರೈವೆಸಿ ಕೆಲಸ ಈಗ ಎಲ್ಲಿದೆ?

ದಾವಣಗೆರೆ_ಕೋಡರ್
ಎಲ್ರಿಗೂ ನಮಸ್ಕಾರ. ನಾನು ಎಂಸಿಎ ಕೊನೇ ವರ್ಷ, ಸೆಮಿನಾರ್‌ಗೆ ಡೇಟಾ ಮೈನಿಂಗ್ (ದೊಡ್ಡ ಡೇಟಾ ರಾಶಿಯಿಂದ ಮಾದರಿ ಹುಡುಕೋದು) ಸಂಶೋಧಕ ರಾಕೇಶ್ ಅಗ್ರವಾಲ್ ಅವರ ಕೆಲಸ ತಗೊಂಡಿದೀನಿ. ನಮ್ಮ ಸಿಲಬಸ್‌ನಲ್ಲಿ ಅವರ ಹೆಸ್ರು ಬರೋದು ಅಪ್ರಿಯೋರಿ ಚಾಪ್ಟರ್‌ನಲ್ಲಿ ಮಾತ್ರ, ಒಂದು ಪ್ರಾಬ್ಲಂ ಬಿಡಿಸಿ ಮಾರ್ಕ್ಸ್ ತಗೊಂಡು ಮುಂದಕ್ಕೆ ಹೋಗ್ತಾ ಇರ್ತೀವಿ. ಆದ್ರೆ ಹುಡುಕ್ತಾ ಹೋದಾಗ 2000ದಲ್ಲಿ ರಾಮಕೃಷ್ಣನ್ ಶ್ರೀಕಾಂತ್ ಜೊತೆ ಬರೆದ ಪ್ರೈವೆಸಿ ಪೇಪರ್, 2002ರ ಹಿಪೊಕ್ರ್ಯಾಟಿಕ್ ಡೇಟಾಬೇಸ್ ಪೇಪರ್ ಎರಡೂ ಸಿಕ್ಕವು. ಕ್ಲಾಸ್‌ನಲ್ಲಿ ಕೇಳಿದ್ರೆ ಅದೆಲ್ಲ ಹಳೇದು, ಈಗೇನಿದ್ರೂ ಡಿಫರೆನ್ಷಿಯಲ್ ಪ್ರೈವೆಸಿ (ಒಬ್ಬರ ಡೇಟಾ ಇದ್ರೂ ಇಲ್ದಿದ್ರೂ ಉತ್ತರ ಹೆಚ್ಚುಕಮ್ಮಿ ಒಂದೇ ಇರೋ ಹಾಗೆ ನೋಡ್ಕೊಳ್ಳೋ ವಿಧಾನ) ಅಂತಾರೆ. ನಿಜವಾಗ್ಲೂ ಅದರ ಕಾಲ ಮುಗೀತಾ?

ಟೇಬಲ್‌ಸ್ಕ್ಯಾನ್
ಹಳೇದು ಹೌದು, ಮುಗಿದಿಲ್ಲ. ಮೊದಲು ಒಂದು ವಿಷ್ಯ ನೋಡಿ, 1993ರಲ್ಲಿ ಅಸೋಸಿಯೇಷನ್ ರೂಲ್ ಪೇಪರ್, 1994ರಲ್ಲಿ ಶ್ರೀಕಾಂತ್ ಜೊತೆ ಅಪ್ರಿಯೋರಿ, ಅಂದ್ರೆ ಅಂಗಡಿ ಬಿಲ್ಲುಗಳ ರಾಶಿಯಿಂದ ಯಾರು ಏನೇನು ಒಟ್ಟಿಗೆ ಕೊಳ್ತಾರೆ ಅಂತ ಹೊರಗೆ ತೆಗೆಯೋ ದಾರಿ ಹಾಕಿಕೊಟ್ಟವರೇ ಇವರು, ಆಮೇಲೆ ಅದೇ ಇಬ್ರು ಕೂತು ಜನರ ನಿಜವಾದ ಡೇಟಾ ನೋಡದೇನೇ ಮೈನಿಂಗ್ ಮಾಡಕ್ಕಾಗುತ್ತಾ ಅಂತ ಕೇಳಿದ್ರು. ನನಗೆ ಅವರ ಮೇಲೆ ಗೌರವ ಜಾಸ್ತಿ ಆಗಿದ್ದು ಇದಕ್ಕೇ.

ಮಾಡಿದ್ದು ಇಷ್ಟು: ನಿಮ್ಮ ವಯಸ್ಸು 34 ಅಂದ್ಕೊಳ್ಳಿ, ನಿಮ್ಮ ಕಂಪ್ಯೂಟರೇ -30ರಿಂದ +30ರ ಒಳಗೆ ಯಾವ್ದೋ ಒಂದು ನಂಬರ್ ಎತ್ತಿ ಸೇರಿಸುತ್ತೆ, 17 ಬಂತು, ಸರ್ವರ್‌ಗೆ ಹೋಗೋದು 51. ಒಬ್ಬೊಬ್ಬರ ನಿಜ ವಯಸ್ಸು ಅವರ ಕೈಗೆ ಸಿಗಲ್ಲ. ಆದ್ರೆ ಸಾವಿರಾರು ಜನರ ಇಂಥ ನಂಬರ್ ಇದ್ರೆ, ಸೇರಿಸಿದ ನಾಯ್ಸ್, ಅಂದ್ರೆ ಆ ಅಡ್ಡಾದಿಡ್ಡಿ ನಂಬರ್, ಯಾವ ತರದ್ದು ಅಂತ ಗೊತ್ತಿರೋದ್ರಿಂದ ಬೇಸ್ (Bayes) ಅವರ ಸಂಭವನೀಯತೆ ರೂಲ್‌ನ ಮತ್ತೆ ಮತ್ತೆ ಹಾಕಿ ಒಟ್ಟು ವಯಸ್ಸಿನ ಹಂಚಿಕೆನ ವಾಪಸ್ ಕಟ್ಟಬಹುದು, ಡಿಸಿಷನ್ ಟ್ರೀ (ಒಂದೊಂದೇ ಪ್ರಶ್ನೆ ಕೇಳ್ತಾ ವರ್ಗ ಗುರುತಿಸೋ ಮರ) ಬೆಳೆಸೋಕೆ ಅಷ್ಟಿದ್ರೆ ಸಾಕು.

ಮಲ್ನಾಡ್_ಬಿಟ್ಸ್
ಟೇಬಲ್‌ಸ್ಕ್ಯಾನ್ ಹೇಳಿದ್ದು ಸರಿ, ಆದ್ರೆ ಅದೇ ಉದಾಹರಣೆಲಿ ತೂತೂ ಇದೆ, ಸೆಮಿನಾರ್‌ನಲ್ಲಿ ಅದನ್ನ ಬಿಡಬೇಡಿ. ಯಾರದೋ ನಂಬರ್ -25 ಅಂತ ಬಂತು ಅನ್ನಿ. ನಾಯ್ಸ್ -30ಕ್ಕಿಂತ ಕೆಳಗೆ ಹೋಗಲ್ಲ, ಅಂದ್ರೆ ಅದು 5 ವರ್ಷ ದಾಟದ ಮಗು, ಗುಟ್ಟು ರಟ್ಟಾಯ್ತು. ಸರಾಸರಿಗೆ ಪ್ರೈವೆಸಿ ಚೆನ್ನಾಗೇ ಇದೆ ಅಂತ ಹೇಳಿದ್ರೆ ಆ ಮಗುಗೆ ಏನು ಬಂತು? 2003ರಲ್ಲಿ ಕಾರ್ಗುಪ್ತ ಮತ್ತು ಸಂಗಡಿಗರು, ಕಾಲಂಗಳು ಒಂದಕ್ಕೊಂದು ಹೊಂದ್ಕೊಂಡಿದ್ರೆ ನಾಯ್ಸನ್ನೇ ಸೋಸಿ ತೆಗೀಬಹುದು ಅಂತ ತೋರಿಸಿದ್ರು. ಅದೇ ವರ್ಷ ಎವ್‌ಫಿಮಿಯೆವ್‌ಸ್ಕಿ, ಗೆರ್ಕೆ ಜೊತೆ ಶ್ರೀಕಾಂತ್ ಅವರೇ (ಹೌದು ಅದೇ ಶ್ರೀಕಾಂತ್) ಒಬ್ಬೊಬ್ಬರಿಗೂ ಅತಿ ಕೆಟ್ಟ ಸಂದರ್ಭದಲ್ಲಿ ಎಷ್ಟು ಸೋರಬಹುದು ಅನ್ನೋದಕ್ಕೆ ಮಿತಿ ಹಾಕಿದ್ರು. 2006ರಲ್ಲಿ ಡ್ವರ್ಕ್, ಮೆಕ್‌ಶೆರಿ, ನಿಸಿಮ್, ಸ್ಮಿತ್ ಡಿಫರೆನ್ಷಿಯಲ್ ಪ್ರೈವೆಸಿ ತಂದ್ರು. 2014ರಲ್ಲಿ ಗೂಗಲ್‌ನವರು ಕ್ರೋಮ್‌ಗೆ ಅಂತ ಹೇಳಿದ ರ್‍ಯಾಪರ್ ಕೂಡ ಡೇಟಾ ಯೂಸರ್ ಕಂಪ್ಯೂಟರ್ ಬಿಡೋ ಮುಂಚೇನೇ ಕದಡೋ ಕೆಲಸಾನೇ ಮಾಡುತ್ತೆ. ಅಲ್ಲಿಗೆ 2000ದ ಗಣಿತ ಬಿದ್ದೋಯ್ತು, ಸರ್ವರನ್ನ ನಂಬಬೇಕಾಗಿಲ್ಲ ಅನ್ನೋ ಹಟ ಉಳೀತು.

ಇನ್ನೊಂದು, ನಮ್ಮ ಬೆಂಗಳೂರಿನ ಐಐಎಸ್‌ಸಿಲೂ ಇದೇ ಕೆಲಸ ನಡೆದಿದೆ. ಶಾರಿಕ್ ರಿಜ್ವಿ ಮತ್ತೆ ಜಯಂತ್ ಹರಿತ್ಸ ಅವರ ಮಾಸ್ಕ್ ಅನ್ನೋ ವಿಧಾನ 2002ರ ವಿಎಲ್‌ಡಿಬಿ ಅನ್ನೋ ಡೇಟಾಬೇಸ್ ಸಮ್ಮೇಳನದಲ್ಲಿ ಬಂತು, ಹಿಪೊಕ್ರ್ಯಾಟಿಕ್ ಪೇಪರ್ ಬಂದ ಅದೇ ಹಾಂಗ್‌ಕಾಂಗ್ ಸಮ್ಮೇಳನ. ಅಪ್ರಿಯೋರಿ ತರದ ರೂಲ್‌ಗಳನ್ನೇ ಕದಡಿದ ಬಿಲ್ಲುಗಳಿಂದ ತೆಗೆಯೋದು. ಖಂಡಿತ ಓದಿ.

ಕಾನೂನು_ಓದು
ನಾನು ಕಂಪ್ಯೂಟರ್‌ನೋನಲ್ಲ, ಎಲ್‌ಎಲ್‌ಬಿ. ಆದ್ರೆ ಹಿಪೊಕ್ರ್ಯಾಟಿಕ್ ಪೇಪರ್ ಓದಿದಾಗ ತುಂಬಾ ಖುಷಿ ಆಯ್ತು, ಯಾಕಂದ್ರೆ ಅದ್ರಲ್ಲಿರೋ 10 ತತ್ವ ಕಾನೂನಿನ ಭಾಷೆನೇ: ಉದ್ದೇಶ ಹೇಳ್ಬೇಕು, ಒಪ್ಪಿಗೆ ತಗೋಬೇಕು, ಕೆಲಸ ಮುಗಿದ್ಮೇಲೆ ಅಳಿಸ್ಬೇಕು ಹೀಗೆ. ವಿಶೇಷ ಏನಂದ್ರೆ ಅವರು ಇದನ್ನ ಪಾಲಿಸಿ ಪುಟದಲ್ಲಿ ಬಿಡದೆ ಡೇಟಾಬೇಸ್ ಒಳಗೇ ಕೂರಿಸ್ಬೇಕು ಅಂದ್ರು. ಪ್ರತಿ ಕಾಲಂ ಯಾವ ಉದ್ದೇಶಕ್ಕೆ, ಯಾರಿಗೆ ಹೋಗ್ಬಹುದು, ಎಷ್ಟು ದಿನ ಇರ್ಬಹುದು ಅನ್ನೋದಕ್ಕೇ ಟೇಬಲ್, ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಕೂಡ ತನ್ನ ಉದ್ದೇಶ ಹೇಳ್ಕೊಂಡೇ ಬರ್ಬೇಕು. ನಾನು ಹಾಸ್ಟೆಲ್ ಅರ್ಜಿಗೆ ಕೊಟ್ಟ ನಂಬರ್‌ಗೆ ವಾರದೊಳಗೆ ಕೋಚಿಂಗ್‌ನವರ ಕಾಲ್ ಶುರುವಾಗಿತ್ತು, ಅಂಥ ಕ್ವೆರಿ ಓಡೋಕೇ ಬಿಡದ ಡೇಟಾಬೇಸ್ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ನಮ್ಮಲ್ಲಿ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟ್‌ನ 9 ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರಲ್ಲ, ಆ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂತು, ಅಲ್ಲೂ ಉದ್ದೇಶ, ಒಪ್ಪಿಗೆ, ಅಳಿಸೋದು ಎಲ್ಲಾ ಇದೆ. ಪೇಪರ್ ನೋಡಿ ಕಾಯ್ದೆ ಬರೆದ್ರು ಅಂತ ಮಾತ್ರ ಹೇಳ್ಬೇಡಿ, ಪೇಪರ್‌ನವರೂ ಹಳೇ ಪ್ರೈವೆಸಿ ಕಾನೂನುಗಳಿಂದಲೇ ಆ ತತ್ವ ಎತ್ತಿಕೊಂಡಿದ್ದು.

ದಾವಣಗೆರೆ_ಕೋಡರ್
ತುಂಬಾ ಥ್ಯಾಂಕ್ಸ್, -25ರ ಉದಾಹರಣೆನ ಬೋರ್ಡ್ ಮೇಲೆ ಹಾಕ್ತೀನಿ. ಒಂದು ಡೌಟ್, ಮಾಸ್ಕ್‌ನಲ್ಲಿ 0, 1 ಬಿಟ್ಟುಗಳನ್ನ (ಸಾಮಾನು ಕೊಂಡಿದ್ರೆ 1, ಇಲ್ದಿದ್ರೆ 0) ಉಲ್ಟಾ ಮಾಡ್ತಾರಲ್ಲ, ಆಗ ಬಿಲ್ಲುಗಳೇ ಉದ್ದ ಆಗಲ್ವಾ?

ಮಲ್ನಾಡ್_ಬಿಟ್ಸ್
ಆಗುತ್ತೆ, ಅದೇ ಅದರ ದೊಡ್ಡ ತಲೆನೋವು. ಅಂಗಡಿಲಿ 1000 ಸಾಮಾನು, ನೀವು ಕೊಂಡಿದ್ದು 10, ಬಿಟ್ ಉಲ್ಟಾ ಆಗೋ ಸಾಧ್ಯತೆ 10% ಅನ್ನಿ. ಕೊಂಡಿದ್ರಲ್ಲಿ ಸುಮಾರು 9 ಉಳೀತವೆ, ಕೊಳ್ಳದೇ ಇರೋ 990ರಲ್ಲಿ ಸುಮಾರು 99 ಸುಮ್ನೆ ಬಂದು ಸೇರ್ಕೊಳ್ತವೆ. 10 ಸಾಲಿನ ಬಿಲ್ಲು 108 ಸಾಲಾಯ್ತು, ಮೈನಿಂಗ್ ತೆವಳೋಕೆ ಶುರು. ಇದಕ್ಕೇ ಅಂತ ಹರಿತ್ಸ ಅವರ ಕಡೆಯಿಂದ 2004ರಲ್ಲಿ ಇಮಾಸ್ಕ್ ಬಂತು, ಅಲ್ಲಿ 0ಗೂ 1ಕ್ಕೂ ಬೇರೆ ಬೇರೆ ಸಾಧ್ಯತೆ ಇಡ್ತಾರೆ. ಮಾಸ್ಕ್ ಆದ್ಮೇಲೆ ಅದನ್ನೇ ಓದಿ.